ಸಣ್ಣ ತಯಾರಕರ ತಂಪು ಚಷ್ಮಾ: ಫ್ರೇಮಿನ ಲೆಕ್ಕ ಬೇರೆ, ಗಾಜಿನ ಲೆಕ್ಕ ಬೇರೆ

ಪ್ರಶ್ನೆ: ನಾನು ಬೀದರಿನವನು. ವಾರದಲ್ಲಿ ಮೂರ್ನಾಲ್ಕು ದಿನ ಬೈಕಿನಲ್ಲಿ ಹುಮನಾಬಾದಿಗೆ ಹೋಗಿ ಬರುತ್ತೇನೆ. ಎರಡೂ ಕಣ್ಣಿಗೆ ಮೈನಸ್ 4.25 ನಂಬರು, ಪಿಡಿ 62. ಎಲ್ಲರ ಮುಖದ ಮೇಲೂ ಕಾಣುವ ಗಾಗಲ್ ನನಗೆ ಬೇಡ. ಸಣ್ಣ ತಯಾರಕರೊಬ್ಬರ ದಪ್ಪ ಎಸಿಟೇಟ್ ಫ್ರೇಮ್ ಆನ್‌ಲೈನಿನಲ್ಲಿ ಕಣ್ಣಿಗೆ ಬಿದ್ದಿದೆ. ಅಳತೆ 56□18-145, ಬೆಲೆ 16,500 ರೂಪಾಯಿ. ಇಷ್ಟು ಕೊಡಬಹುದೇ? ನನ್ನ ನಂಬರಿನ ಗಾಜು ಅದರಲ್ಲಿ ಕೂರುತ್ತದೆಯೇ? ನಮ್ಮ ಬಿಸಿಲು ತಾಳುತ್ತದೆಯೇ? ಕಡ್ಡಿಗಳ ಮೇಲೆ ಬಿದ್ರಿ ಕೆಲಸ ಮಾಡಿಸುವ ಆಸೆಯೂ ಇದೆ. ಆಗುವ ಮಾತೇ?

ಉತ್ತರ: ನೀವು ಹೇಳಿದ ಆ ಒಂದು ಫ್ರೇಮ್ ಬೇಡ. ಅದೇ ತಯಾರಕರ ಬಳಿ 48 ಅಥವಾ 50ರ ಅಳತೆಯದು ಇದ್ದು, ಮುಂದೆ ಹೇಳುವ ಪರೀಕ್ಷೆಗಳಲ್ಲಿ ಅದು ಪಾಸಾದರೆ ಧಾರಾಳವಾಗಿ ಕೊಳ್ಳಿ. ಆದರೆ ಅದರ ಜೊತೆ ಬರುವ ಕಪ್ಪು ಗಾಜಿಗೆ ಯಾವ ಬೆಲೆಯನ್ನೂ ಕಟ್ಟಬೇಡಿ, ಏಕೆಂದರೆ ಅದು ನಿಮ್ಮ ಮುಖದ ಮೇಲೆ ಒಂದು ದಿನವೂ ಇರುವುದಿಲ್ಲ. ನಂಬರು ಇರುವವರಿಗೆ ತಂಪು ಚಷ್ಮಾ ಎಂದರೆ ಎರಡು ಬೇರೆ ಬೇರೆ ಖರೀದಿ. ಫ್ರೇಮನ್ನು ತಯಾರಕರಿಂದ ಕೊಳ್ಳಬೇಕು, ಗಾಜನ್ನು ನಿಮ್ಮ ಊರಿನಲ್ಲೋ ಕಲಬುರಗಿಯಲ್ಲೋ ಕೆಲಸ ಬಲ್ಲ ಚಷ್ಮಾ ಅಂಗಡಿಯಲ್ಲಿ ಕೂರಿಸಿಕೊಳ್ಳಬೇಕು. ಈ ಎರಡನ್ನೂ ಒಂದೇ ಎಂದುಕೊಂಡವರಿಗೇ ಹೆಚ್ಚು ನಷ್ಟ.

56 ಏಕೆ ಬೇಡ ಎಂದು ಮೊದಲು ನೋಡೋಣ. ಕಡ್ಡಿಯ ಒಳಮೈಯಲ್ಲಿ ಬರೆದಿರುವ 56□18-145 ಎಂಬುದರಲ್ಲಿ 56 ಒಂದು ಗಾಜಿನ ಅಗಲ, 18 ಮೂಗಿನ ಮೇಲೆ ಎರಡು ಗಾಜುಗಳ ನಡುವಿನ ಅಂತರ, 145 ಕಡ್ಡಿಯ ಉದ್ದ. ಎಲ್ಲವೂ ಮಿಲಿಮೀಟರಿನಲ್ಲಿ. 56 ಮತ್ತು 18 ಕೂಡಿದರೆ 74. ಇದು ಎರಡು ಗಾಜುಗಳ ನಡುಬಿಂದುಗಳ ಅಂತರ. ನಿಮ್ಮ ಪಿಡಿ, ಅಂದರೆ ಎರಡು ಕಣ್ಣುಪಾಪೆಗಳ ಅಂತರ, 62. ವ್ಯತ್ಯಾಸ 12. ಹಾಗಾಗಿ ಪ್ರತಿ ಗಾಜಿನ ಕೇಂದ್ರವನ್ನು ಮೂಗಿನ ಕಡೆಗೆ 6 ಮಿಮೀ ಸರಿಸಬೇಕಾಗುತ್ತದೆ. ಮೈನಸ್ ಗಾಜು ನಡುವೆ ತೆಳ್ಳಗೆ, ಅಂಚಿನಲ್ಲಿ ದಪ್ಪ. ಕೇಂದ್ರ ಮೂಗಿನ ಕಡೆ ಸರಿದಷ್ಟೂ ಕಿವಿಯ ಕಡೆಯ ಅಂಚು ದಪ್ಪವಾಗುತ್ತದೆ.

ಎಷ್ಟು ದಪ್ಪ ಎಂಬುದನ್ನು ನೀವೇ ಲೆಕ್ಕ ಹಾಕಬಹುದು. ಕೇಂದ್ರದಿಂದ ದೂರದ ಅಂಚಿಗೆ ಎಷ್ಟು ಮಿಮೀ ಎಂದು ನೋಡಿ, ಆ ಸಂಖ್ಯೆಯ ವರ್ಗವನ್ನು ನಂಬರಿನಿಂದ ಗುಣಿಸಿ. ಸಾದಾ 1.50 ಇಂಡೆಕ್ಸ್ (ಗಾಜು ಬೆಳಕನ್ನು ಬಾಗಿಸುವ ಶಕ್ತಿಯ ಅಂಕಿ, ಅದು ಹೆಚ್ಚಿದಷ್ಟೂ ಗಾಜು ತೆಳ್ಳಗೆ) ಗಾಜಾದರೆ 1000ದಿಂದ ಭಾಗಿಸಿ, 1.60 ಆದರೆ 1200ರಿಂದ. ಬಂದ ಉತ್ತರಕ್ಕೆ ನಡುವಿನ ದಪ್ಪವನ್ನು ಸೇರಿಸಿ: ಸಾದಾ ಗಾಜಿಗೆ ಸುಮಾರು 2 ಮಿಮೀ, 1.60ಕ್ಕೆ ಸುಮಾರು 1.5. ನಿಮ್ಮ 56ರ ಫ್ರೇಮಿನಲ್ಲಿ ಆ ದೂರ 28 ಕೂಡಿಸು 6, ಅಂದರೆ 34. ಸಾದಾ ಗಾಜಿನ ಅಂಚು ಹತ್ತಿರ ಹತ್ತಿರ 7 ಮಿಮೀ ಆಗುತ್ತದೆ, 1.60ರಲ್ಲಿ 5.6. ಅದೇ 48□20 ಫ್ರೇಮಿನಲ್ಲಿ ಕೇಂದ್ರ ಸರಿಯುವುದು 3 ಮಿಮೀ ಮಾತ್ರ, ದೂರ 27. ಸಾದಾ ಗಾಜು 5.1, 1.60 ಗಾಜು 4.1. ದುಬಾರಿ ಇಂಡೆಕ್ಸಿಗೆ ಹಣ ಸುರಿಯುವ ಮೊದಲು ಅಳತೆಯನ್ನು ಸರಿ ಮಾಡಿಕೊಳ್ಳಿ ಎನ್ನುವುದು ಇದಕ್ಕೇ. ಈ ಲೆಕ್ಕದಲ್ಲಿ ಚಿಕ್ಕ ಫ್ರೇಮಿನ ಸಾದಾ ಗಾಜು ದೊಡ್ಡ ಫ್ರೇಮಿನ 1.60 ಗಾಜಿಗಿಂತ ತೆಳ್ಳಗಿದೆ.

ಅಂಚು ದಪ್ಪವಾದರೆ ಚೆಂದ ಕೆಡುವುದಷ್ಟೇ ಅಲ್ಲ. ಫ್ರೇಮಿನ ಹಿಂದೆ ಚಾಚಿಕೊಂಡ ಅಂಚು ಕಡ್ಡಿಗೆ ತಾಗಿ, ಕಡ್ಡಿ ಪೂರ್ತಿ ಮಡಚದಂತಾಗುತ್ತದೆ. ಬಲವಂತವಾಗಿ ಮಡಚುತ್ತ ಹೋದರೆ ಕೀಲು ಸಡಿಲಾಗುತ್ತದೆ.

ಅಳತೆಯಷ್ಟೇ ಮುಖ್ಯವಾದದ್ದು ಬೇಸ್ ಕರ್ವ್, ಅಂದರೆ ಮುಂಭಾಗದ ಬಾಗು. ಇದನ್ನು ಕೊಳ್ಳುವವರು ಸಾಮಾನ್ಯವಾಗಿ ಕೇಳುವುದೇ ಇಲ್ಲ, ಮಾರುವವರು ತಾವಾಗಿ ಹೇಳುವುದಿಲ್ಲ. ನಂಬರಿಲ್ಲದ ತಂಪು ಗಾಜು ಸಾಮಾನ್ಯವಾಗಿ 6 ಬೇಸಿನದು, ಮುಖವನ್ನು ಸುತ್ತುವ ಸ್ಪೋರ್ಟ್ಸ್ ಮಾದರಿಯದು 8. ಫ್ರೇಮಿನಲ್ಲಿ ಗಾಜು ಕೂರುವ ಒಳತೋಡೂ ಅದೇ ಬಾಗಿಗೆ ಕೊರೆದಿರುತ್ತದೆ. ಮೈನಸ್ 4.25ರ ಗಾಜು ಇದಕ್ಕಿಂತ ಬಹಳ ಚಪ್ಪಟೆ. ಚಪ್ಪಟೆ ಗಾಜನ್ನು ಬಾಗಿದ ತೋಡಿಗೆ ತುರುಕಿದರೆ ಫ್ರೇಮಿನ ಮುಂಭಾಗವೂ ಚಪ್ಪಟೆಯಾಗಿ, ಕಡ್ಡಿಗಳು ಹೊರಕ್ಕೆ ಅಗಲಿಸಿಕೊಂಡು, ಚಷ್ಮಾ ಕಿವಿಯ ಮೇಲೆ ಹಿಡಿತ ತಪ್ಪುತ್ತದೆ. ಇಲ್ಲವೇ ಹೊರಗಿನ ಮೂಲೆಯಲ್ಲಿ ಗಾಜು ತೋಡಿನಿಂದ ಜಾರುತ್ತದೆ. ತಯಾರಕರಿಗೆ ಒಂದೇ ಸಾಲು ಬರೆದು ಕೇಳಿ: "ಈ ಫ್ರೇಮ್ 4 ಬೇಸಿಗೆ ಮಾಡಿದ್ದೇ? ಮೈನಸ್ 4.25ರ ಗಾಜು ಹಾಕಲು ಬರುತ್ತದೆಯೇ?" ನಿಜವಾಗಿ ಫ್ರೇಮ್ ಮಾಡುವವರಿಂದ ಇದಕ್ಕೆ ನೇರ ಉತ್ತರ ಬರುತ್ತದೆ. ಬೇರೆಯವರ ಸರಕಿಗೆ ಹೆಸರು ಹಚ್ಚಿ ಮಾರುವವರಿಂದ "ಎಲ್ಲ ನಂಬರಿಗೂ ಆಗುತ್ತದೆ" ಎಂದು ಬರುತ್ತದೆ. ಅಂಥ ಉತ್ತರ ಬಂದರೆ ಆ ಅಂಗಡಿಯನ್ನು ಬಿಟ್ಟುಬಿಡಿ.

ಬೆಲೆಯ ಮಾತಿಗೆ ಬರೋಣ. ಡಿಸೈನರ್ ಎಂಬ ಹೆಸರಿಗೂ ಸ್ವತಂತ್ರ ತಯಾರಕರಿಗೂ ಸಂಬಂಧವಿರಲೇಬೇಕೆಂದಿಲ್ಲ. ಪ್ರಾಡಾ, ವರ್ಸಾಚೆ ಹೆಸರಿನ ಚಷ್ಮಾಗಳನ್ನು ಲೈಸೆನ್ಸ್ ಪಡೆದು ಮಾಡುವುದು ಎಸಿಲೋರ್‌ಲಕ್ಸೋಟಿಕಾ ಎಂಬ ದೊಡ್ಡ ಚಷ್ಮಾ ಕಂಪನಿ. ಪರ್ಸೋಲ್ 1995ರಲ್ಲಿ, ರೇ-ಬ್ಯಾನ್ 1999ರಲ್ಲಿ ಈಗ ಅದರ ಭಾಗವಾಗಿರುವ ಲಕ್ಸೋಟಿಕಾದ ಕೈಸೇರಿದವು. ಡೆನ್ಮಾರ್ಕಿನ ಲಿಂಡ್‌ಬರ್ಗನ್ನು 2021ರಲ್ಲಿ ಫ್ರಾನ್ಸಿನ ಫ್ಯಾಷನ್ ಕಂಪನಿ ಕೆರಿಂಗ್ ಕೊಂಡಿತು. ಇವು ಕೆಟ್ಟ ಚಷ್ಮಾ ಎಂದಲ್ಲ. ಕೊಡುವ ಹಣದ ಒಂದು ಪಾಲು ಹೆಸರಿಗೆ ಹೋಗುತ್ತದೆ. ಸ್ವತಂತ್ರವಾಗಿ ಹೆಸರು ಗಳಿಸಿದವರ ಸಾಲಿನಲ್ಲಿ 1915ರಿಂದಿರುವ ನ್ಯೂಯಾರ್ಕಿನ ಮಾಸ್ಕಾಟ್, 1969ರಲ್ಲಿ ಶುರುವಾದ ಲಂಡನ್ನಿನ ಕಟ್ಲರ್ ಅಂಡ್ ಗ್ರಾಸ್, ತೆಳು ಉಕ್ಕಿನ ಹಾಳೆಯನ್ನು ಮಡಚಿ ಸ್ಕ್ರೂ ಇಲ್ಲದ ಕೀಲು ಮಾಡಿದ 2003ರ ಬರ್ಲಿನ್ನಿನ ಮೈಕಿಟಾ ಬರುತ್ತವೆ. ಜಪಾನಿನ ಸಾಬಾಯೆ ಪಟ್ಟಣದ ಸುತ್ತ 1905ರಿಂದ ಇದೇ ಕಸುಬು. ಸಣ್ಣ ಹೆಸರುಗಳಲ್ಲಿ ಬಹಳಷ್ಟು ಚೀನಾದ ಷೆನ್‌ಜೆನ್ ಅಥವಾ ವೆನ್‌ಜೌ ಕಾರ್ಖಾನೆಗಳಲ್ಲಿ ಮಾಡಿಸುತ್ತವೆ. ಅದು ದೋಷವಲ್ಲ, ಅಲ್ಲಿ ಅತ್ಯುತ್ತಮ ಕೆಲಸವೂ ಆಗುತ್ತದೆ. ಆದರೆ ಅದನ್ನು ಮುಚ್ಚಿಟ್ಟು "ಕೈಯಿಂದ ಮಾಡಿದ್ದು" ಎನ್ನುವುದು ತಪ್ಪು. ಫ್ರೇಮಿನ ಚಿತ್ರವನ್ನು ಗೂಗಲಿನಲ್ಲಿ ಹಾಕಿ ಹುಡುಕಿ. ಅದೇ ಫ್ರೇಮ್ ಐದಾರು ಬೇರೆ ಹೆಸರುಗಳಲ್ಲಿ, ಕಾಲು ಬೆಲೆಗೆ ಸಿಕ್ಕರೆ 16,500 ಕೊಡುವ ಮಾತೇ ಇಲ್ಲ.

ಎಸಿಟೇಟ್ ಹತ್ತಿಯ ಅಥವಾ ಮರದ ನಾರಿನಿಂದ ಆಗುವ ವಸ್ತು. ಒಳ್ಳೆಯ ಫ್ರೇಮನ್ನು ಅದರ ದಪ್ಪ ಹಾಳೆಯಿಂದ ಯಂತ್ರದಲ್ಲಿ ಕೊರೆದು, ಮರದ ಚೂರುಗಳ ಜೊತೆ ಉರುಳುವ ಡ್ರಮ್ಮಿನಲ್ಲಿ ದಿನಗಟ್ಟಲೆ ತಿರುಗಿಸಿ, ಕೊನೆಗೆ ಕೈಯಿಂದ ಪಾಲಿಶ್ ಮಾಡುತ್ತಾರೆ. ಅಗ್ಗದ್ದನ್ನು ಕರಗಿದ ಪ್ಲಾಸ್ಟಿಕ್ಕನ್ನು ಅಚ್ಚಿಗೆ ಸುರಿದು ಮಾಡುತ್ತಾರೆ. ಕೈಗೆ ಬಂದಾಗ ವ್ಯತ್ಯಾಸ ಹೀಗೆ ತಿಳಿಯುತ್ತದೆ: ಹಾಳೆಯಿಂದ ಕೊರೆದದ್ದರಲ್ಲಿ ಬಣ್ಣದ ಮಚ್ಚೆಗಳು ಮುಂದಿನಿಂದ ಹಿಂದಿನವರೆಗೆ ಆಳಕ್ಕೆ ಇಳಿದಿರುತ್ತವೆ, ಅಂಚನ್ನು ನೋಡಿದರೆ ಕಾಣುತ್ತದೆ. ಅಚ್ಚಿನದರಲ್ಲಿ ಬಣ್ಣ ಮೇಲ್ಮೈಯಲ್ಲಿ ಮಾತ್ರ, ಅಂಚಿನ ಉದ್ದಕ್ಕೂ ಕೂದಲೆಳೆಯಂಥ ಒಂದು ಗೆರೆ ಉಳಿದಿರುತ್ತದೆ. ಮೂಗಿನ ಒಳಭಾಗಕ್ಕೂ ಗಾಜು ಕೂರುವ ತೋಡಿನ ಅಂಚಿಗೂ ಬೆರಳಾಡಿಸಿ. ಹೊರಗೆ ಫಳಫಳ ಹೊಳೆದು ಅಲ್ಲಿ ತರಿತರಿಯಾಗಿದ್ದರೆ ಪಾಲಿಶ್ ಕೆಲಸವನ್ನು ಅರ್ಧಕ್ಕೆ ಬಿಟ್ಟಿದ್ದಾರೆ ಎಂದರ್ಥ.

ಕೀಲನ್ನು ಇನ್ನೂ ಹತ್ತಿರದಿಂದ ನೋಡಿ. ಮುಂಭಾಗದಲ್ಲಿ ಮೂರು, ಕಡ್ಡಿಯಲ್ಲಿ ಎರಡು, ಹೀಗೆ ಐದು ಉಂಗುರ ಒಂದರೊಳಗೊಂದು ಕೂರುವ ಕೀಲು ಈ ದಪ್ಪದ ಫ್ರೇಮಿಗೆ ತಕ್ಕದ್ದು. ಹೊರಗೆ ಕಾಣುವ ಎರಡು ಲೋಹದ ಚುಕ್ಕಿಗಳು ರಿವೆಟ್ ಆಗಿದ್ದರೆ ಕೀಲು ಫ್ರೇಮಿನ ಆರಪಾರ ಹಿಡಿದಿದೆ. ಎಷ್ಟೋ ಫ್ರೇಮುಗಳಲ್ಲಿ ಆ ಚುಕ್ಕಿಗಳು ಬರೀ ಅಲಂಕಾರ, ಒಳಗಿನ ಕೀಲನ್ನು ಕಾಯಿಸಿ ಒತ್ತಿರುತ್ತಾರೆ. ಒತ್ತಿದ ಕೀಲೂ ಬಾಳುತ್ತದೆ, ಆದರೆ ಮುಂಭಾಗದ ದಪ್ಪ 4 ಮಿಮೀಗಿಂತ ಕಡಿಮೆಯಿದ್ದರೆ ಕಿತ್ತು ಬಂದಾಗ ಮತ್ತೆ ಕೂರಿಸಲು ಜಾಗವಿರುವುದಿಲ್ಲ. ಬೆಳಕು ಹಾಯುವ ಬಣ್ಣದ ಕಡ್ಡಿಯನ್ನು ಬೆಳಕಿಗೆ ಹಿಡಿದರೆ ಒಳಗೆ ಒಂದು ಲೋಹದ ತಂತಿ ಓಡಿರುವುದು ಕಾಣಬೇಕು. ತಂತಿ ಇಲ್ಲದ ಕಡ್ಡಿಯನ್ನು ಬಾಗಿಸಿ ಕಿವಿಗೆ ಹೊಂದಿಸಿದರೂ ಸೆಕೆಗೆ ಮತ್ತೆ ನೆಟ್ಟಗಾಗುತ್ತದೆ.

ಬಿಸಿಲಿನ ವಿಷಯದಲ್ಲಿ ನೀವು ಕೇಳಿದ್ದು ಸರಿಯಾದ ಪ್ರಶ್ನೆ. ಮೇ ತಿಂಗಳಲ್ಲಿ ನೆರಳಲ್ಲೇ 42 ಡಿಗ್ರಿ ಮುಟ್ಟುವ ನಾಡು ನಮ್ಮದು. ಮುಖದ ಮೇಲಿರುವ ಎಸಿಟೇಟಿಗೆ ಅದರಿಂದ ತೊಂದರೆಯಿಲ್ಲ. ಎಸಿಟೇಟ್ ಮೆತ್ತಗಾಗತೊಡಗುವುದು ಸುಮಾರು 60 ಡಿಗ್ರಿಯಲ್ಲಿ. ಅಂಗಡಿಯವರು ಬಿಸಿಗಾಳಿ ಹಾಯಿಸಿ ಬಾಗಿಸುವುದೂ ಅದನ್ನು ನಂಬಿಕೊಂಡೇ. ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡು ಮಧ್ಯಾಹ್ನ 70 ಡಿಗ್ರಿ ದಾಟುತ್ತದೆ. ಬೈಕಿನ ಸೀಟಿನ ಕೆಳಗೂ ಎಂಜಿನ್ನಿನ ಕಾವು ಸೇರಿ ಸುರಕ್ಷಿತವಲ್ಲ. ಅಲ್ಲಿ ಬಿಟ್ಟ ಚಷ್ಮಾ ಸೊಟ್ಟಗಾಗುತ್ತದೆ, ತೋಡು ಹಿಗ್ಗಿ ಗಾಜು ಸಡಿಲಾಗುತ್ತದೆ. ಅದಕ್ಕಿಂತ ದೊಡ್ಡ ಪೆಟ್ಟು ಗಾಜಿನ ಮೇಲಿನ ಲೇಪಕ್ಕೆ. ಕಾವಿಗೆ ಗಾಜು ಹೆಚ್ಚು ಹಿಗ್ಗುತ್ತದೆ, ಲೇಪ ಅಷ್ಟು ಹಿಗ್ಗುವುದಿಲ್ಲ. ಮೈತುಂಬ ಜೇಡರ ಬಲೆಯಂಥ ಬಿರುಕು ಬೀಳುತ್ತದೆ. ಆ ಬಿರುಕನ್ನು ಯಾರೂ ಸರಿಪಡಿಸಲಾರರು, ಗಾಜನ್ನೇ ಬದಲಿಸಬೇಕು. ಗಟ್ಟಿ ಡಬ್ಬಿಯಲ್ಲಿಟ್ಟು ಹೆಗಲ ಚೀಲದಲ್ಲಿ ಒಯ್ಯಿರಿ.

ಲೋಹದ ಫ್ರೇಮ್ ಸೊಟ್ಟಗಾಗುವುದಿಲ್ಲ, ಆದರೆ ಬಿಸಿಲಲ್ಲಿಟ್ಟು ಹಾಕಿಕೊಂಡರೆ ಚರ್ಮಕ್ಕೆ ಚುರುಕು ಮುಟ್ಟಿಸುತ್ತದೆ. ಬೆವರಿಗೆ ತುರಿಕೆಯಾಗುವವರು ನಿಕಲ್ ಇರುವ ಲೋಹ ಬಿಟ್ಟು ಟೈಟಾನಿಯಂ ನೋಡಲಿ. ಟೈಟಾನಿಯಂ ಮುರಿದರೆ ಮಾತ್ರ ಊರಿನ ಬೆಸುಗೆಗೆ ಬಗ್ಗುವುದಿಲ್ಲ, ಲೇಸರ್ ಬೆಸುಗೆಯೇ ಬೇಕು.

ಹೆಲ್ಮೆಟ್ ಹಾಕುವವರಾದ್ದರಿಂದ ಇನ್ನೊಂದು ಷರತ್ತು: ಕಡ್ಡಿಯ ದಪ್ಪ ಕಣ್ಣಿಗೂ ಕಿವಿಗೂ ನಡುವಿನ ಜಾಗದಲ್ಲಿ 4 ಮಿಮೀ ಮೀರಬಾರದು. ಮುಂಭಾಗ ಎಷ್ಟು ದಪ್ಪವಿದ್ದರೂ ಚೆಂದವೇ, ಕಡ್ಡಿ ದಪ್ಪವಾದರೆ ಹುಮನಾಬಾದು ಮುಟ್ಟುವಷ್ಟರಲ್ಲಿ ಅಲ್ಲಿ ನೋಯುತ್ತದೆ. ಹೆಲ್ಮೆಟ್ ಹಾಕಿದ ಮೇಲೆ ಕಡ್ಡಿ ತೂರಿಸುವಾಗ ಹೆಚ್ಚು ಬಾಗಿದ ತುದಿ ಸಿಕ್ಕಿಕೊಳ್ಳುತ್ತದೆ, ಆದ್ದರಿಂದ ಬಾಗು ಕಡಿಮೆ ಇಡಿಸಿ. ಕಪ್ಪು ವೈಸರ್ ಮತ್ತು ಕಪ್ಪು ಗಾಜು ಎರಡೂ ಒಟ್ಟಿಗೆ ಬೇಡ.

ಗಾಜಿಗೆ ಬರೋಣ. ನಿಮಗೆ ನನ್ನ ಸಲಹೆ 1.60 ಇಂಡೆಕ್ಸಿನ ಎಂಆರ್-8 ಗಾಜು, ಕಂದು ಬಣ್ಣ, 85 ಪ್ರತಿಶತ ಟಿಂಟ್, ಹಿಂಬದಿಗೆ ಪ್ರತಿಫಲನ ತಡೆಯುವ ಲೇಪ. ಎಂಆರ್-8 ಎಂಬುದು ಗಾಜು ಮಾಡುವ ಪ್ಲಾಸ್ಟಿಕ್ಕಿನ ಒಂದು ಬಗೆ, ಸಾದಾ ಗಾಜಿಗೆ ಬಳಸುವ ಸಿಆರ್-39 ಪ್ಲಾಸ್ಟಿಕ್ಕಿಗಿಂತ ಗಟ್ಟಿ, ಬಣ್ಣವನ್ನೂ ಚೆನ್ನಾಗಿ ಹೀರುತ್ತದೆ. ಪಾಲಿಕಾರ್ಬೊನೇಟ್ ಇನ್ನೂ ಗಟ್ಟಿ, ಆದರೆ ನಿಮ್ಮ ನಂಬರಿಗೆ ಅಂಚಿನಲ್ಲಿ ನೋಡುವಾಗ ವಸ್ತುಗಳ ಸುತ್ತ ಬಣ್ಣದ ಗೆರೆ ಕಾಣಬಹುದು. 85 ಎಂದು ಅಷ್ಟು ನಿಖರವಾಗಿ ಹೇಳಲು ಕಾರಣವಿದೆ. ತಂಪು ಗಾಜಿಗೆ 0ಯಿಂದ 4ರವರೆಗೆ ದರ್ಜೆಗಳಿವೆ. ಕಡು ಬಿಸಿಲಿಗೆ ಹೇಳಿದ್ದು 3ನೇ ದರ್ಜೆ, ಅದು 8ರಿಂದ 18 ಪ್ರತಿಶತ ಬೆಳಕು ಬಿಡುತ್ತದೆ. 85ರ ಟಿಂಟ್ 15 ಪ್ರತಿಶತ ಬಿಡುತ್ತದೆ. 80ರ ಟಿಂಟ್ ಹಾಕಿಸಿದರೆ 2ನೇ ದರ್ಜೆಗೆ ಇಳಿಯಿತು. 4ನೇ ದರ್ಜೆಯ ಗಾಜು ಹಾಕಿ ವಾಹನ ಓಡಿಸಲೇಬಾರದು. ಬೂದು ಬಣ್ಣ ಬಣ್ಣಗಳನ್ನು ಇದ್ದ ಹಾಗೆ ತೋರಿಸುತ್ತದೆ; ಕಂದು ಧೂಳು ಮಬ್ಬಿನಲ್ಲಿ ರಸ್ತೆಯ ತಗ್ಗು ದಿಣ್ಣೆಗಳನ್ನು ಎತ್ತಿ ತೋರಿಸುತ್ತದೆ. ಸಂಜೆ ಕತ್ತಲಾದ ಮೇಲೆ ಯಾವ ಬಣ್ಣವೂ ಬೇಡ, ಸಾದಾ ಚಷ್ಮಾ ಜೊತೆಗಿರಲಿ.

ಡಾಂಬರಿನ ಮೇಲಿನ ಕುಕ್ಕುವ ಹೊಳಪು ನಿಮಗೆ ತ್ರಾಸು ಕೊಡುತ್ತಿದ್ದರೆ ಪೋಲರೈಸ್ಡ್ ಗಾಜು ಅದನ್ನು ಸೋಸುತ್ತದೆ. ಅದರೊಳಗೆ ಒಂದು ತೆಳು ಪದರವನ್ನು ಅಂಟಿಸಿರುವುದರಿಂದ ಕಾವಿಗೆ ಅಂಚಿನಿಂದ ಬಿಡಿಸಿಕೊಳ್ಳುವ ಭಯ ಹೆಚ್ಚು, ಕೆಲವು ಕೋನಗಳಲ್ಲಿ ಮೊಬೈಲ್ ಪರದೆ ಕಪ್ಪಾಗುತ್ತದೆ. ಬಿಸಿಲಿಗೆ ತಾನೇ ಕಪ್ಪಾಗುವ ಫೋಟೊಕ್ರೋಮಿಕ್ ಗಾಜನ್ನು ಮಾತ್ರ ತಂಪು ಚಷ್ಮಾದ ಬದಲಿಗೆ ಕೊಳ್ಳಬೇಡಿ. ಸೆಕೆ ಹೆಚ್ಚಿದಷ್ಟೂ ಅದು ಕಪ್ಪಾಗುವುದು ಕಡಿಮೆ, ಅಂದರೆ ನಮಗೆ ಬೇಕಾದ ಏಪ್ರಿಲ್ ಮೇ ತಿಂಗಳಲ್ಲೇ ಕೈಕೊಡುತ್ತದೆ.

ಗಾಜಿನ ಕಪ್ಪಿಗೂ ಯುವಿ, ಅಂದರೆ ಅತಿನೇರಳೆ ಕಿರಣದಿಂದ ಸಿಗುವ ರಕ್ಷಣೆಗೂ ಸಂಬಂಧವಿಲ್ಲ. ಯುವಿ ತಡೆಯದ ಕಪ್ಪು ಗಾಜು ಬರಿಗಣ್ಣಿಗಿಂತ ಕೆಡುಕು, ಏಕೆಂದರೆ ಕತ್ತಲೆಂದು ಪಾಪೆ ಅಗಲವಾಗಿ ತೆರೆದುಕೊಂಡಿರುತ್ತದೆ. ಬಿಲ್ಲಿನಲ್ಲಿ ಯುವಿ 400 ಎಂದು ಬರೆಸಿಕೊಳ್ಳಿ. ಮನೆಯಲ್ಲಿ ಪರೀಕ್ಷಿಸಲು 365 ನ್ಯಾನೋಮೀಟರಿನ ಯುವಿ ಟಾರ್ಚು ಸಾಕು. ಕತ್ತಲ ಕೋಣೆಯಲ್ಲಿ 500ರ ನೋಟಿನ ನಂಬರಿನ ಮೇಲೆ ಹಿಡಿದರೆ ಅಂಕಿಗಳು ಹೊಳೆಯುತ್ತವೆ. ನಡುವೆ ಗಾಜು ಹಿಡಿದಾಗ ಹೊಳಪು ಪೂರ್ತಿ ನಿಂತರೆ ಗಾಜು ಆ ಕಿರಣವನ್ನು ತಡೆಯುತ್ತಿದೆ. ಟಾರ್ಚಿನತ್ತ ಕಣ್ಣಿಟ್ಟು ನೋಡಬೇಡಿ.

ಫ್ರೇಮ್ ಬಂದ ಕೂಡಲೇ ಗಾಜು ಹಾಕಿಸಲು ಓಡಬೇಡಿ, ನಂಬರಿನ ಗಾಜು ಕೂರಿಸಿದ ಮೇಲೆ ಯಾರೂ ವಾಪಸು ತೆಗೆದುಕೊಳ್ಳುವುದಿಲ್ಲ. ಮಡಚಿದ ಕಡ್ಡಿಗಳನ್ನು ತೆರೆದು ಗಾಜಿನ ಮೇಜಿನ ಮೇಲೆ ತಲೆಕೆಳಗಾಗಿ ಇಡಿ, ಎಲ್ಲ ಕಡೆ ಸಮವಾಗಿ ಕೂರಬೇಕು. ಎರಡೂ ಕಡ್ಡಿ ಒಂದೇ ಬಿಗಿಯಲ್ಲಿ ಮಡಚಬೇಕು. ಹಾಕಿಕೊಂಡು ಕನ್ನಡಿ ನೋಡಿದಾಗ ಕಣ್ಣುಪಾಪೆ ಗಾಜಿನ ನಡುವಿನಿಂದ ತುಸು ಮೇಲೆ, ತುಸು ಮೂಗಿನ ಕಡೆಗಿರಬೇಕು. ದುಂಡು ಮುಖಕ್ಕೆ ಚೌಕ ಫ್ರೇಮ್ ಎಂಬ ಪಟ್ಟಿಗಳಿಗಿಂತ ಈ ಒಂದು ಗುರುತು ಹೆಚ್ಚು ನಂಬಿಕೆಯದು. ನಕ್ಕಾಗ ಫ್ರೇಮ್ ಕೆನ್ನೆಗೆ ತಾಗಿ ಮೇಲೇಳಬಾರದು. ಮೂಗಿನ ಮೇಲೆ ಜಾರಿದರೆ ಕಡ್ಡಿಯ ಬಾಗು ಕಿವಿಯಿಂದ ಹಿಂದೆ ಬಿದ್ದಿದೆ ಎಂದರ್ಥ. ಅಂಗಡಿಯಲ್ಲಿ ಕಾಯಿಸಿ ಮುಂದೆ ತರುತ್ತಾರೆ.

ನಿಮ್ಮ ನಂಬರು ಒಂದು ವರ್ಷಕ್ಕಿಂತ ಹಳೆಯದಾದರೆ ಮೊದಲು ಕಣ್ಣು ತೋರಿಸಿ. ಗಾಜು ಕೂರಿಸುವವರಿಗೆ ಹೇಳಬೇಕಾದ್ದು ಎರಡು: ಅಂಚಿನ ಏಣು (ಫ್ರೇಮಿನ ತೋಡಿನಲ್ಲಿ ಕೂರುವ ಚೂಪು ದಿಣ್ಣೆ) ಮುಂಭಾಗಕ್ಕೆ ಹತ್ತಿರವಿರಲಿ, ಗಾಜನ್ನು ಬಿಗಿಯಾಗಲೆಂದು ದೊಡ್ಡದಾಗಿ ಕತ್ತರಿಸುವುದು ಬೇಡ. ಎಸಿಟೇಟಿನಲ್ಲಿ ಅತಿ ಬಿಗಿಯಾದ ಗಾಜು ಕೆಲವು ತಿಂಗಳಲ್ಲಿ ಫ್ರೇಮಿನ ಮೂಲೆಯನ್ನು ಸೀಳುತ್ತದೆ. ಬಿಗಿ ಹೆಚ್ಚಾಗಿದೆಯೇ ಎಂದು ತಿಳಿಯಲು, ಟಿಂಟ್ ಗಾಜನ್ನು ಲ್ಯಾಪ್‌ಟಾಪಿನ ಬಿಳಿ ಪರದೆಯ ಮುಂದೆ ಹಿಡಿದು ಬೇರೊಂದು ಪೋಲರೈಸ್ಡ್ ಚಷ್ಮಾದ ಮೂಲಕ ನೋಡಿ. ಅಂಚಿನಲ್ಲಿ ಬಣ್ಣದ ಪಟ್ಟೆಗಳು ದಟ್ಟವಾಗಿ ಕಂಡರೆ ತುಸು ಅರೆದು ಕೊಡಲು ಹೇಳಿ.

ಧೂಳು ಕೂತ ಗಾಜನ್ನು ಒಣ ಬಟ್ಟೆಯಲ್ಲಿ ಒರೆಸಬಾರದು, ಅದರಲ್ಲಿನ ಮರಳಿನ ಕಣ ಲೇಪಕ್ಕಿಂತ ಗಟ್ಟಿ. ಮೊದಲು ನೀರು ಬಿಡಿ, ಪಾತ್ರೆ ತೊಳೆಯುವ ದ್ರವದ ಒಂದು ಹನಿ ಹಚ್ಚಿ, ಕೊನೆಗೆ ಫಿಲ್ಟರ್ ನೀರಿನಲ್ಲಿ ತೊಳೆಯಿರಿ. ಬೋರ್‌ವೆಲ್ಲಿನ ಗಡಸು ನೀರು ಬಿಳಿ ಕಲೆ ಬಿಡುತ್ತದೆ. ಸ್ಯಾನಿಟೈಸರ್, ನೇಲ್ ಪಾಲಿಶ್ ಅಳಿಸುವ ದ್ರವ, ಸೊಳ್ಳೆಗೆ ಮೈಗೆ ಹಚ್ಚುವ ಮುಲಾಮು ಎಸಿಟೇಟಿನ ಹತ್ತಿರವೂ ಬೇಡ. ಕಡ್ಡಿಯ ಮೇಲೆ ಬೂಷ್ಟಿನಂಥ ಬಿಳಿಪು ಬಂದರೆ ಅದು ಬೆವರು ಎಣ್ಣೆಯ ಕೆಲಸ, ಶುರುವಿನಲ್ಲೇ ಬಫ್ ಪಾಲಿಶ್ ಹೊಡೆಸಿದರೆ ಹೋಗುತ್ತದೆ.

ಇನ್ನು ಬಿದ್ರಿ. ಇಡೀ ಕಡ್ಡಿಯನ್ನು ಬಿದ್ರಿಯಲ್ಲಿ ಮಾಡಿಸಲಾಗದು. ಬಿದ್ರಿಯ ಮೂಲ ಲೋಹದಲ್ಲಿ ಸತುವೇ ಬಹುಪಾಲು, ತಾಮ್ರ ಸ್ವಲ್ಪ. ತೂಕ ಎಸಿಟೇಟಿನ ಐದು ಪಟ್ಟಿಗೂ ಹೆಚ್ಚು. 145 ಮಿಮೀ ಉದ್ದ, 6 ಅಗಲ, 3.5 ದಪ್ಪದ ಒಂದೇ ಕಡ್ಡಿ 21 ಗ್ರಾಂ ದಾಟುತ್ತದೆ. ಮೇಲಾಗಿ ಅದು ಬಾಗುವ ಲೋಹವಲ್ಲ, ಕಿವಿಗೆ ಹೊಂದಿಸಲು ಹೋದರೆ ಮುರಿಯುತ್ತದೆ. ಆಗುವುದು ಸಣ್ಣ ಬಿಲ್ಲೆಯ ಕೆಲಸ: 12 ಮಿಮೀ ಉದ್ದ, 4 ಅಗಲ, 1.2 ದಪ್ಪದ ಬಿಲ್ಲೆ, ತೂಕ ಅರ್ಧ ಗ್ರಾಮಿಗೂ ಕಡಿಮೆ. ಅದನ್ನು ಕೀಲಿನ ಹಿಂದೆ ಕಡ್ಡಿಯ ಹೊರಮೈಯಲ್ಲಿ ಹುದುಗಿಸಬೇಕು. ಚರ್ಮಕ್ಕೆ ತಾಗುವ ಒಳಮೈಗೆ ಬೇಡ, ಬೆವರಿನ ಉಪ್ಪು ಸತುವನ್ನು ತಿನ್ನುತ್ತದೆ.

ಬಿದ್ರಿ ಕೆಲಸಗಾರರ ಬಳಿ ಬಿಲ್ಲೆಯನ್ನು ಸುಮಾರು 3 ಮಿಮೀ ದಪ್ಪದಲ್ಲೇ ಶುರು ಮಾಡಿಸಿ. ಬೆಳ್ಳಿ ತಂತಿ ಬಡಿದು ಕೂರಿಸುವ ಪೆಟ್ಟಿಗೆ ತೆಳು ಲೋಹ ಸೀಳುತ್ತದೆ. ಕೋಟೆಯ ಮಣ್ಣು ಮತ್ತು ನವಸಾಗರದಿಂದ ಕಪ್ಪೇರಿಸುವವರೆಗೆ ಎಲ್ಲ ಮುಗಿದ ಮೇಲೆ ಹಿಂಬದಿಯನ್ನು ಮಾತ್ರ ಉಜ್ಜಿ 1.2ಕ್ಕೆ ತನ್ನಿ. ಆ ಕಾವು, ಆ ಲವಣ ಎಸಿಟೇಟಿಗೆ ಆಗದು, ಆದ್ದರಿಂದ ಬಿಲ್ಲೆ ಪೂರ್ತಿಯಾಗದೆ ಕಡ್ಡಿಯ ಹತ್ತಿರ ತರಬಾರದು. ಕಡ್ಡಿಯಲ್ಲಿ ಕುಳಿ ತೋಡುವವರು ಅಕ್ಕಸಾಲಿಗರ ಸಣ್ಣ ಬರ್ (ತಿರುಗುತ್ತ ಕೊರೆಯುವ ಮೊನೆ) ಉಪಯೋಗಿಸಲಿ, ವೇಗ ಕಡಿಮೆಯಿರಲಿ. ಜೋರಾದರೆ ಎಸಿಟೇಟ್ ಕರಗಿ ಬರ್‌ಗೆ ಮೆತ್ತಿಕೊಳ್ಳುತ್ತದೆ. ಆಳ 1 ಮಿಮೀ ಮೀರಬಾರದು, 4 ಮಿಮೀ ಕಡ್ಡಿಯ ನಡುವೆ ತಂತಿ ಇದೆ. ಉಳಿದ 0.2 ಮಿಮೀ ಮೇಲೆದ್ದು ನಿಲ್ಲಲಿ, ಅಂಚು ಮಾತ್ರ ಹೆಲ್ಮೆಟ್ಟಿನ ಒಳಬಟ್ಟೆಗೆ ಸಿಕ್ಕದಂತೆ ಗುಂಡಾಗಿರಲಿ. ಬಿಲ್ಲೆಯ ಹಿಂಬದಿ, ಕುಳಿಯ ತಳ ಎರಡನ್ನೂ 240 ನಂಬರಿನ ಎಮರಿ ಕಾಗದದಲ್ಲಿ ಒರಟು ಮಾಡಿ, ನಿಧಾನವಾಗಿ ಗಟ್ಟಿಯಾಗುವ ಎರಡು ಭಾಗದ ಎಪಾಕ್ಸಿಯಲ್ಲಿ ಅಂಟಿಸಿ. ಸೂಪರ್ ಗ್ಲೂ ಸುತ್ತಲೂ ಬಿಳಿ ಹೊಗೆಯಂಥ ಕಲೆ ಎಬ್ಬಿಸುತ್ತದೆ.

ಕಪ್ಪು ಮಾಸಿದಂತೆ ಕಂಡಾಗ ಬಿಲ್ಲೆಯ ಮೇಲಷ್ಟೇ ಬೆರಳ ತುದಿಯಿಂದ ಒಂದಿಷ್ಟು ಎಣ್ಣೆ ಸವರಿ ಒರೆಸಿ. ಮೊದಲ ಪ್ರಯತ್ನವನ್ನು 16,500ರ ಫ್ರೇಮಿನ ಮೇಲೆ ಮಾಡಿಸಬೇಡಿ. ಆರ್ಡರ್ ಹಾಕುವಾಗಲೇ ತಯಾರಕರಿಂದ ಒಂದು ಜೊತೆ ಬಿಡಿ ಕಡ್ಡಿ ಕೇಳಿ, ಕುಳಿ ತೋಡುವುದು ಅದರ ಮೇಲಾಗಲಿ. ಬಿಡಿ ಕಡ್ಡಿ ಕೊಡಲಾರದ ತಯಾರಕರಾದರೆ ಮುಂದೆ ಮುರಿದಾಗಲೂ ಕೊಡಲಾರರು, ಅದನ್ನೂ ಬೆಲೆಯ ಲೆಕ್ಕಕ್ಕೆ ಹಿಡಿಯಿರಿ.